ರೌಲಟ್ ಮೂರು ವರ್ಷ, ರಿಜಿಸ್ಟರು ನೂರು ವರ್ಷ

1919 ಎಂದರೆ ನಮ್ಮ ಶಾಲಾ ಪುಸ್ತಕಗಳಿಗೆ ರೌಲಟ್ ಕಾಯ್ದೆಯ ವರ್ಷ. ಆ ಮಾರ್ಚ್‌ನಲ್ಲಿ ದೆಹಲಿಯ ಇಂಪೀರಿಯಲ್ ಶಾಸನ ಸಭೆಯಲ್ಲಿ ನಡೆದ ವಾಗ್ವಾದವನ್ನೂ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾಬಾಗಿನಲ್ಲಿ ಹರಿದ ರಕ್ತವನ್ನೂ ಓದದೆ ಯಾರೂ ಹೈಸ್ಕೂಲು ದಾಟುವುದಿಲ್ಲ. ಅದೇ 1919ರ ಲೆಕ್ಕಕ್ಕೆ ಸೇರಿದ ಇನ್ನೊಂದು ಕಾಯ್ದೆ ನಿಜಾಮರ ಹೈದರಾಬಾದಿನಲ್ಲಿ ಬಂತು. ಅಲ್ಲಿನ ಸರ್ಕಾರಿ ಕಾಗದಗಳಲ್ಲಿ ನಡೆಯುತ್ತಿದ್ದದ್ದು ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ನಮ್ಮ ಕ್ಯಾಲೆಂಡರಿನ ವರ್ಷ ಸಿಗುತ್ತದೆ. ಹಾಗಾಗಿ ಈ ಕಾಯ್ದೆ 1329 ಫಸಲಿಯದು. ಅದರ ಗುರಿ ಕ್ರಾಂತಿಕಾರಿಗಳಾಗಲಿ ಪತ್ರಿಕೆಗಳಾಗಲಿ ಆಗಿರಲಿಲ್ಲ, ಹಿಜ್ರಾಗಳು. ಕಾನೂನು ಅವರನ್ನು ನಪುಂಸಕರು ಎಂದು ಕರೆಯಿತು. ಹೈದರಾಬಾದ್ ನಗರದಲ್ಲಿ, ಮತ್ತು ಸರ್ಕಾರ ಮುಂದೆ ವಿಸ್ತರಿಸುವ ಇತರ ಕಡೆಗಳಲ್ಲಿ, ಹುಡುಗರನ್ನು ಅಪಹರಿಸುತ್ತಾರೆ, ಅವರ ಪುರುಷತ್ವ ಹರಣ ಮಾಡುತ್ತಾರೆ, ಇಲ್ಲವೆ ಅಸ್ವಾಭಾವಿಕ ಅಪರಾಧ ಮಾಡುತ್ತಾರೆ ಎಂಬ ಸಂಶಯಕ್ಕೆ ಒಳಗಾದವರ ಹೆಸರು, ವಿಳಾಸಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು ಎಂದಿತು. ಹೆಸರು ದಾಖಲಾದವರು ಹೆಣ್ಣಿನ ಉಡುಗೆ ತೊಟ್ಟು ಬೀದಿಗೆ ಬಂದರೆ, ಬೀದಿಯಿಂದ ಕಾಣುವ ಹಾಗೆ ನಿಂತರೆ, ಸಾರ್ವಜನಿಕವಾಗಿ ಕುಣಿದರೆ, ವಾದ್ಯ ನುಡಿಸಿದರೆ ವಾರಂಟ್ ಇಲ್ಲದೆ ಹಿಡಿಯಬಹುದು. ಶಿಕ್ಷೆ ಎರಡು ವರ್ಷದವರೆಗಿನ ಜೈಲು, ದಂಡ, ಅಥವಾ ಎರಡೂ.

ರೌಲಟ್ ಕಾಯ್ದೆ 1922ರಲ್ಲಿ ರದ್ದಾಯಿತು. ಹೈದರಾಬಾದಿನ ಕಾಯ್ದೆ 2023ರ ಜುಲೈ 6ರವರೆಗೆ ಬದುಕಿತ್ತು. ಎರಡೂ ಅಪರಾಧ ತಡೆಯುವ ಹೆಸರಿನಲ್ಲಿ ಬಂದವು. ಸಾಕ್ಷಿಯ ಜಾಗದಲ್ಲಿ ಸಂಶಯವನ್ನು ಕೂರಿಸಿದವು. ಪೊಲೀಸರ ಕೈಗೆ ಕೋರ್ಟಿನ ಕೆಲಸವನ್ನು ಕೊಟ್ಟವು. ಇಷ್ಟೊಂದು ಹೋಲುವ ಎರಡರಲ್ಲಿ ಒಂದು ಮೂರು ವರ್ಷಕ್ಕೆ ಸತ್ತು ಇನ್ನೊಂದು ನೂರು ವರ್ಷ ದಾಟಿದ್ದು ಏಕೆ? ನನಗೆ ಕಾಣುವ ಉತ್ತರ ಇದು: ದಮನಕಾರಿ ಕಾನೂನಿನ ಆಯುಸ್ಸು ಅದರ ಕ್ರೌರ್ಯದ ಮೇಲೆ ನಿಂತಿಲ್ಲ. ಅದು ಹುಟ್ಟುವಾಗ, ಅದರ ಏಟು ತಿನ್ನುವವರ ಪರವಾಗಿ ಯಾರಾದರೂ ಎದ್ದು ನಿಂತು "ಕಾರಣ ಹೇಳಿ" ಎಂದು ಕೇಳಿದ್ದರೇ ಎಂಬುದರ ಮೇಲೆ ನಿಂತಿದೆ. ಕೇಳಿದ ಕಡೆ ಸೋತವರೂ ಏನನ್ನೋ ಉಳಿಸಿಕೊಂಡಿದ್ದಾರೆ. ಕೇಳದ ಕಡೆ ಕಾನೂನು ಸರ್ಕಾರಗಳನ್ನೂ ರಾಜ್ಯಗಳನ್ನೂ ಸಂವಿಧಾನವನ್ನೂ ದಾಟಿ ಬಂದಿದೆ.

ಈ ಮಾತನ್ನು ಹೈದರಾಬಾದಿನ ಮಣಿಕೊಂಡದ ನೆಲದ ಮೇಲೆ ನಿಂತು ನೋಡಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಇವತ್ತು ಸಾಫ್ಟ್‌ವೇರ್ ಕಂಪನಿಗಳ ನೌಕರರ ಅಪಾರ್ಟ್‌ಮೆಂಟುಗಳಿಂದ ತುಂಬಿರುವ ಈ ಊರು ನಿಜಾಮರ ಕಾಲದಲ್ಲಿ ಹುಸೇನ್ ಶಾ ವಲಿ ದರ್ಗಾದ ಹೆಸರಿಗೆ ಅಂಟಿಕೊಂಡಿದ್ದ ಜಾಗೀರು ಹಳ್ಳಿ. ಇಲ್ಲಿ ಮನೆ ಮಾಡಿರುವ ಕನ್ನಡಿಗರಲ್ಲಿ ಕಲಬುರಗಿ, ಬೀದರ್, ರಾಯಚೂರಿನ ಕಡೆಯವರು ಇದ್ದಾರೆ. ಅವರ ಮುತ್ತಜ್ಜಂದಿರೂ ಅಂದಿನ ಮಣಿಕೊಂಡದ ರೈತನೂ ಒಂದೇ ದೊರೆಯ ಪ್ರಜೆಗಳಾಗಿದ್ದರು. ಜಾಗೀರಿನ ಜಮೀನು ಯಾರದು ಎಂಬ ವಿವಾದ ನಿಜಾಮರ ಕಾಲದ ಕಾಗದಗಳನ್ನು ಹೊತ್ತುಕೊಂಡು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2022ರ ಫೆಬ್ರುವರಿಯಲ್ಲಿ ಕೋರ್ಟು 1,654 ಎಕರೆ ಜಮೀನು ರಾಜ್ಯ ಸರ್ಕಾರದ್ದು ಎಂದು ತೀರ್ಪಿತ್ತಿತು. ಜಮೀನಿಗೆ ಬೆಲೆಯಿತ್ತು, ವಾದಿಸಲು ಎರಡೂ ಕಡೆ ಹಿರಿಯ ವಕೀಲರಿದ್ದರು. ಆದ್ದರಿಂದ ಹಳೆಯ ರಾಜ್ಯದ ಒಂದೊಂದು ದಾಖಲೆಯೂ ಬೆಳಕಿಗೆ ಬಂತು. ಅದೇ ರಾಜ್ಯ ಮನುಷ್ಯರ ಮೇಲೆ ಮಾಡಿದ ಒಂದು ಕಾನೂನು ಅದೇ ಊರನ್ನೊಳಗೊಂಡ ರಾಜ್ಯದ ಪುಸ್ತಕದಲ್ಲಿ ಕೂತಿದ್ದರೂ ಅದರ ನೆನಪು ಬಹುಕಾಲ ಯಾರಿಗೂ ಇರಲಿಲ್ಲ.

ಹೈದರಾಬಾದಿನ ಕಾಯ್ದೆ ಹೈದರಾಬಾದಿನಲ್ಲಿ ಹುಟ್ಟಿದ್ದಲ್ಲ. ಅದರ ಮೂಲ ಬ್ರಿಟಿಷ್ ಭಾರತದ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ. ಆ ಕಾಯ್ದೆಯ ಮೊದಲ ಭಾಗ ನಮಗೆ ಗೊತ್ತು. ಇಡೀ ಜಾತಿ, ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ಘೋಷಿಸಿ, ಹಾಜರಿ ಹಾಕಿಸಿ, ಊರು ಬಿಡದಂತೆ ಕಟ್ಟಿಹಾಕಿದ್ದು ಅದು. ಅದರ ಮುಂದುವರಿಕೆಯಾಗಿ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ತಂತಿ ಬೇಲಿಯ ವಸಾಹತುಗಳು ಎದ್ದವು. ಹುಬ್ಬಳ್ಳಿಯ ಒಂದು ಬಡಾವಣೆಯನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಕಾಯ್ದೆಯ ಎರಡನೆಯ ಭಾಗ ಅಷ್ಟಾಗಿ ತಿಳಿದಿಲ್ಲ. ಅದು ಪೂರ್ತಿಯಾಗಿ ಹಿಜ್ರಾಗಳ ಮೇಲಿನದು. ವಾಯವ್ಯ ಪ್ರಾಂತ್ಯದ ಅಧಿಕಾರಿಗಳು ಇಪ್ಪತ್ತು ವರ್ಷದಿಂದ ಈ ಸಮುದಾಯವನ್ನು ಕಂಡರೆ ಸಿಡುಕುತ್ತಿದ್ದರು. ಅವರ ಒತ್ತಡದಿಂದಲೇ ಈ ಭಾಗ ಮಸೂದೆಯೊಳಗೆ ಬಂತು. ರಿಜಿಸ್ಟರು, ಉಡುಗೆಗೆ ಶಿಕ್ಷೆ, ಕುಣಿತಕ್ಕೆ ಶಿಕ್ಷೆ ಎಲ್ಲವೂ ಅಲ್ಲಿಂದಲೇ ಹೈದರಾಬಾದಿಗೆ ಇಳಿದವು. 1871ರ ಕಾಯ್ದೆ ಇನ್ನೂ ಮುಂದೆ ಹೋಗಿತ್ತು: ರಿಜಿಸ್ಟರಿನಲ್ಲಿ ಇರುವವರು ಮಕ್ಕಳಿಗೆ ಪೋಷಕರಾಗುವಂತಿಲ್ಲ, ದಾನ ಕೊಡುವಂತಿಲ್ಲ, ಉಯಿಲು ಬರೆಯುವಂತಿಲ್ಲ, ದತ್ತು ತೆಗೆದುಕೊಳ್ಳುವಂತಿಲ್ಲ. ಗುರುವಿನಿಂದ ಶಿಷ್ಯರಿಗೆ ಮನೆ, ಒಡವೆ, ಜವಾಬ್ದಾರಿ ದಾಟುತ್ತಾ ಬದುಕಿದ ಸಮುದಾಯದ ಬೇರಿಗೇ ಬಿದ್ದ ಕೊಡಲಿ ಅದು. ಒಂದು ತಲೆಮಾರಿನ ನಂತರ ಈ ಜನರೇ ಇರಬಾರದು ಎಂಬುದು ಅದರ ಒಳಗಿನ ಉದ್ದೇಶವಾಗಿತ್ತು ಎಂದು ಹೇಳಲು ಹಿಂಜರಿಕೆ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದನ್ನು ತಳ್ಳಿಹಾಕಬಾರದು. ಮಕ್ಕಳ ಅಪಹರಣ, ಪುರುಷತ್ವ ಹರಣ ಭಯಂಕರ ಅಪರಾಧಗಳು. ಸರ್ಕಾರ ಯಾವುದೇ ಇರಲಿ, ಮಕ್ಕಳನ್ನು ಕಾಪಾಡಲು ಕಾನೂನು ಮಾಡಿದರೆ ತಪ್ಪೇನು? ತಪ್ಪಿಲ್ಲ. ಆದರೆ ಆ ಕಾನೂನು ಆಗಲೇ ಇತ್ತು. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಅಪಹರಣಕ್ಕೆ ಕಠಿಣ ಶಿಕ್ಷೆಗಳಿದ್ದವು. 320ನೆಯ ಕಲಂ ತೆಗೆದು ನೋಡಿ: ಯಾವ ಯಾವ ಗಾಯ ಘೋರ ಗಾಯ ಎಂದು ಪಟ್ಟಿ ಮಾಡುವಾಗ ಕಣ್ಣು, ಕಿವಿ, ಮೂಳೆಗಳಿಗಿಂತ ಮುಂಚೆ, ಎಲ್ಲಕ್ಕಿಂತ ಮೊದಲು ಬರುವುದು ಪುರುಷತ್ವ ಹರಣವೇ. ಅಪರಾಧ ಮಾಡಿದವನು ಯಾರೇ ಇರಲಿ, ಹಿಡಿದು, ಸಾಕ್ಷಿ ತಂದು, ಶಿಕ್ಷೆ ಕೊಡಿಸಲು ಬೇಕಾದದ್ದೆಲ್ಲ ಸಂಹಿತೆಯಲ್ಲಿತ್ತು. 1871ರ ಹೊಸ ಕಾಯ್ದೆ ಸೇರಿಸಿದ್ದು ಆ ಅಪರಾಧಗಳನ್ನಲ್ಲ. ಅದು ಸೇರಿಸಿದ್ದು ಸೀರೆ, ಬಳೆ, ಗೆಜ್ಜೆ, ಢೋಲಕ್. ಸಾಬೀತು ಮಾಡಲಾಗದ ಅಪರಾಧದ ಬದಲಿಗೆ ಕಣ್ಣಿಗೆ ಕಾಣುವ ಉಡುಗೆಯನ್ನು ಅಪರಾಧ ಮಾಡಿದರೆ ಪೊಲೀಸರ ಕೆಲಸ ಸಲೀಸಾಗುತ್ತದೆ. ಮಗುವಿನ ರಕ್ಷಣೆಯ ಮಾತು ಪೀಠಿಕೆಯಲ್ಲಿ ಉಳಿಯುತ್ತದೆ, ಶಿಕ್ಷೆ ಬೀದಿಯಲ್ಲಿ ಕುಣಿದವರಿಗೆ ಬೀಳುತ್ತದೆ.

1871ರ ಸಭೆಯಲ್ಲಿ ಈ ಪ್ರಶ್ನೆಯನ್ನು ಸಂತ್ರಸ್ತರ ಕಡೆಯಿಂದ ಕೇಳಬಲ್ಲವರು ಒಬ್ಬರೂ ಕೂತಿರಲಿಲ್ಲ. ಅದು 1861ರ ಕೌನ್ಸಿಲ್ ಕಾಯ್ದೆಯಡಿ ರಚನೆಯಾದ ಗವರ್ನರ್ ಜನರಲ್‌ರ ಶಾಸನ ಸಭೆ. ಅಲ್ಲಿದ್ದವರು ಅಧಿಕಾರಿಗಳು ಮತ್ತು ಸರ್ಕಾರ ನೇಮಿಸಿದ ಕೆಲವರು. ಆಗಿನ ಕಾನೂನು ಸದಸ್ಯ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ಅವರು ಸಾಮಾನ್ಯ ವ್ಯಕ್ತಿಯಲ್ಲ, ಮರುವರ್ಷ ಸಾಕ್ಷ್ಯ ಕಾಯ್ದೆಯನ್ನು ಕೊಟ್ಟವರು. ಯಾವ ಸಾಕ್ಷಿಯನ್ನು ಒಪ್ಪಬೇಕು, ಯಾವುದನ್ನು ಒಪ್ಪಬಾರದು ಎಂದು ಕೂದಲು ಸೀಳಿ ಬರೆದ ಅದೇ ಸಭೆ, ಸಾಕ್ಷಿಯೇ ಬೇಡದ ಕಾಯ್ದೆಯನ್ನೂ ಹೊರತಂದಿತು. ಬಡಗಿಯ ಮಗ ಬಡಗಿಯಾಗುವ ದೇಶದಲ್ಲಿ ಕಳ್ಳನ ಮಗ ಕಳ್ಳನಾಗುತ್ತಾನೆ ಎಂಬುದು ಮಸೂದೆಯ ಹಿಂದಿದ್ದ ತರ್ಕ. ಅದನ್ನು ಒಪ್ಪಿದ ಮೇಲೆ ಯಾವನು ಏನು ಮಾಡಿದ ಎಂದು ವಿಚಾರಿಸುವ ಅಗತ್ಯವೇ ಬೀಳುವುದಿಲ್ಲ. ಸ್ಟೀಫನ್ ಅವರಂಥ ನಿಪುಣರಿಗೆ ಈ ವಿರೋಧಾಭಾಸ ಕಾಣಿಸಲಿಲ್ಲ ಎಂದು ನಂಬುವುದು ಕಷ್ಟ. ಉತ್ತರ ಕೊಡಬೇಕಾದ ಸಂದರ್ಭ ಒದಗಲಿಲ್ಲ ಎನ್ನುವುದು ಹೆಚ್ಚು ಸರಿ.

ಬ್ರಿಟಿಷರೇ 1911ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು ಹೊಸದಾಗಿ ಬರೆದಾಗ ಹಿಜ್ರಾಗಳ ಭಾಗವನ್ನು ಕೈಬಿಟ್ಟರು. ಅವರು ಬಿಟ್ಟದ್ದನ್ನು ಕೆಲವೇ ವರ್ಷಗಳ ಮೇಲೆ ಹೈದರಾಬಾದ್ ಎತ್ತಿಕೊಂಡಿತು. ನಿಜಾಮರ ರಾಜ್ಯಕ್ಕೂ 1893ರಿಂದ ಒಂದು ಶಾಸನ ಸಭೆ ಇತ್ತು. ಅದರಲ್ಲಿ ಅಧಿಕಾರಿಗಳದೇ ಮೇಲುಗೈ. ಜಾಗೀರುದಾರರ ಕಡೆಯಿಂದ, ವಕೀಲರ ಕಡೆಯಿಂದ ಕೆಲವರು ಇದ್ದರು. ಕೊನೆಯ ಮಾತು ದೊರೆಯದು. 1901ರ ಜನಗಣತಿಯ ಪ್ರಕಾರ ಆ ರಾಜ್ಯದಲ್ಲಿ ಒಂದು ಕೋಟಿ ಹನ್ನೊಂದು ಲಕ್ಷ ಜನ. ನೂರರಲ್ಲಿ ಸುಮಾರು 46 ಮಂದಿ ತೆಲುಗರು, 26 ಮಂದಿ ಮರಾಠಿಗರು, 14 ಮಂದಿ ಕನ್ನಡಿಗರು. ಉರ್ದು ಮನೆಮಾತಾಗಿದ್ದವರು ಸುಮಾರು 10. ಕಾನೂನು ಉರ್ದುವಿನಲ್ಲಿ ನಡೆಯುತ್ತಿತ್ತು. ರಾಯಚೂರಿನ ಒಬ್ಬ ರೈತನಿಗೇ ಆ ಸಭೆಯಲ್ಲಿ ಏನಾಗುತ್ತಿದೆ ಎಂದು ತಿಳಿಯುವ ದಾರಿ ಇರಲಿಲ್ಲ. ಹಿಜ್ರಾ ಸಮುದಾಯದ ಮಾತು ಅಲ್ಲಿ ಕೇಳುವುದು ದೂರವೇ ಉಳಿಯಿತು. ಇದನ್ನು ನಿಜಾಮರ ಹಳೆಯ ಸಂಪ್ರದಾಯದ ತಲೆಗೆ ಕಟ್ಟುವುದೂ ಸರಿಯಲ್ಲ. ದಖ್ಖನಿನ ದರ್ಬಾರುಗಳಲ್ಲಿ ಖ್ವಾಜಾಸರಾಗಳು ಅಂತಃಪುರ ಕಾಯ್ದವರು, ಜವಾಬ್ದಾರಿಯ ಹುದ್ದೆಗಳಲ್ಲಿ ಕೂತವರು. ಅವರನ್ನು ಅಪರಾಧಿಗಳ ಪಟ್ಟಿಗೆ ಸೇರಿಸುವುದನ್ನು ಹೈದರಾಬಾದ್ ಕಲಿತದ್ದು ಕಲ್ಕತ್ತೆಯ ಕಾನೂನು ಪುಸ್ತಕದಿಂದ.

ಈಗ ದೆಹಲಿಗೆ ಬರೋಣ. ರೌಲಟ್ ಮಸೂದೆಗಳು ಮೊದಲು ಎರಡಿದ್ದವು. 1919ರ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಸಭೆಯಲ್ಲಿ ಅವುಗಳ ಚರ್ಚೆ ನಡೆಯಿತು. ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳಂಥ ಮೆದು ಮಾತಿನ ಮಿತವಾದಿಯೂ ಕಟುವಾಗಿ ಮಾತಾಡಿದರು. ಮದನಮೋಹನ ಮಾಳವೀಯರು ಗಂಟೆಗಟ್ಟಲೆ ವಾದಿಸಿದರು. ಅಧಿಕಾರಿಗಳಲ್ಲದ ಭಾರತೀಯ ಸದಸ್ಯರು ಒಟ್ಟಾಗಿ ವಿರೋಧಿಸಿದರು. ಆದರೂ ಸರ್ಕಾರಿ ಬಹುಮತದ ಬಲದಿಂದ ಮಸೂದೆ ಅಂಗೀಕಾರವಾಯಿತು. ಮಾಳವೀಯ, ಜಿನ್ನಾ, ಮಜಹರುಲ್ ಹಕ್ ರಾಜೀನಾಮೆ ಕೊಟ್ಟು ಹೊರಬಂದರು. ಸೋತರು ಎನ್ನುವುದು ಸುಲಭ. ಸಭೆಯ ಕೈಯಲ್ಲಿ ಏನೂ ಇರಲಿಲ್ಲ, ಅದು ಬರಿಯ ತೋರಿಕೆಯ ಸಭೆ ಎಂದು ಹೇಳುವವರ ಮಾತಿನಲ್ಲಿ ಹುರುಳಿದೆ. ಆದರೆ ಆ ವಿರೋಧದಿಂದ ಏನು ಬದಲಾಯಿತು ನೋಡಿ. ಎರಡು ಮಸೂದೆಗಳಲ್ಲಿ ಒಂದನ್ನು ಸರ್ಕಾರ ಕೈಬಿಟ್ಟಿತು. ಇನ್ನೊಂದರ ವ್ಯಾಪ್ತಿಯನ್ನು ಅರಾಜಕ ಮತ್ತು ಕ್ರಾಂತಿಕಾರಿ ಅಪರಾಧಗಳಿಗೆ ಸೀಮಿತಗೊಳಿಸಿತು. ಎಲ್ಲಕ್ಕಿಂತ ಮುಖ್ಯವಾಗಿ, ಕಾಯ್ದೆಗೆ ಮೂರು ವರ್ಷದ ಗಡುವು ಹಾಕಿತು. ಕಾನೂನು ತನ್ನ ಸಾವಿನ ದಿನವನ್ನು ಹಣೆಯಲ್ಲಿ ಬರೆದುಕೊಂಡೇ ಹುಟ್ಟಿತು. ಮುಂದೆ ಅದನ್ನು ಒಮ್ಮೆಯೂ ಜಾರಿ ಮಾಡದೆ ಗಡುವಿನೊಳಗೇ ರದ್ದು ಮಾಡಿದರು.

ರೌಲಟ್ ಸತ್ತದ್ದು ಸಭೆಯಿಂದಲ್ಲ, ಬೀದಿಯಿಂದ, ಗಾಂಧೀಜಿ ಕರೆ ಕೊಟ್ಟ ಹರತಾಳದಿಂದ, ಜಲಿಯನ್‌ವಾಲಾಬಾಗಿನ ಬಲಿದಾನದಿಂದ ಎಂದು ಇತಿಹಾಸ ಬಲ್ಲವರು ತಿದ್ದುತ್ತಾರೆ. ಅದು ದೊಡ್ಡ ಸತ್ಯ, ಒಪ್ಪುತ್ತೇನೆ. ಆದರೆ ಬೀದಿಗೆ ಇಳಿದವರ ಬಾಯಲ್ಲಿದ್ದದ್ದು "ವಕೀಲನಿಲ್ಲ, ದಲೀಲಿಲ್ಲ, ಅಪೀಲಿಲ್ಲ" ಎಂಬ ಕೂಗು. ಕಾನೂನಿನ ಸೂಕ್ಷ್ಮವನ್ನು ಮೂರು ಪದಗಳಿಗೆ ಇಳಿಸಿದ ಆ ಕೂಗಿನ ಹಿಂದೆ, ಸಭೆಯಲ್ಲಿ ಕಲಂ ಕಲಂ ಹಿಡಿದು ನಡೆದ ವಾದ ಮತ್ತು ಮರುದಿನ ಅದನ್ನು ಅಚ್ಚು ಹಾಕಿದ ಪತ್ರಿಕೆಗಳು ಇದ್ದವು. ಯಾವ ಕಾನೂನು ಬರುತ್ತಿದೆ, ಅದರಲ್ಲಿ ಏನಿದೆ ಎಂದು ದೇಶಕ್ಕೆ ಗೊತ್ತಿತ್ತು. ಬೀದಿ ಏಳಬೇಕಾದರೆ ಮೊದಲು ಸುದ್ದಿ ಬೇಕು. 1329 ಫಸಲಿಯ ಕಾಯ್ದೆಗೆ ಆ ಸುದ್ದಿಯೇ ಇರಲಿಲ್ಲ.

ಕಾನೂನು ಬಲಹೀನ ಸಭೆಯ ಮುಂದೆ ಬರುವುದಕ್ಕೂ ಯಾವ ಸಭೆಯ ಮುಂದೆಯೂ ಬಾರದಿರುವುದಕ್ಕೂ ಇರುವ ಅಂತರವನ್ನು 1929 ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. ಹಿಂದಿನ ವರ್ಷ ಕೇಂದ್ರ ಶಾಸನ ಸಭೆಯಲ್ಲಿ ಪಬ್ಲಿಕ್ ಸೇಫ್ಟಿ ಮಸೂದೆಗೆ ಮತಗಳು 61–61 ಸಮವಾದಾಗ ಅಧ್ಯಕ್ಷ ವಿಠ್ಠಲಭಾಯಿ ಪಟೇಲರು ತಮ್ಮ ಮತವನ್ನು ವಿರುದ್ಧ ಹಾಕಿ ಅದನ್ನು ಬೀಳಿಸಿದ್ದರು. 1929ರ ಏಪ್ರಿಲ್‌ನಲ್ಲಿ ಮತ್ತೆ ತಂದಾಗ ಅದನ್ನು ಮಂಡಿಸಲು ಅವರು ಬಿಡಲಿಲ್ಲ. ವೈಸರಾಯ್ ಸುಗ್ರೀವಾಜ್ಞೆ ಹೊರಡಿಸಿ ಬೇಕಾದದ್ದನ್ನು ಪಡೆದುಕೊಂಡರು. ಆದರೆ ಸಭೆಯನ್ನು ಬದಿಗೊತ್ತಿ ಮಾಡಿದ್ದು ಎಂದು ಎಲ್ಲರಿಗೂ ತಿಳಿಯಿತು. ಅದೇ ವರ್ಷ ಹೈದರಾಬಾದಿನಲ್ಲಿ ಗಸ್ತಿ ನಿಶಾನ್ 53 ಬಂತು. ಅದು ಕಾಯ್ದೆಯಲ್ಲ, ಬರಿಯ ಸುತ್ತೋಲೆ. ಆದರೂ ಅನುಮತಿಯಿಲ್ಲದೆ ಸಾರ್ವಜನಿಕ ಸಭೆ ಸೇರುವಂತಿಲ್ಲ ಎಂದು ಇಡೀ ರಾಜ್ಯದ ಬಾಯಿ ಕಟ್ಟಿತು. 1930ರಲ್ಲಿ ಜೋಗಿಪೇಟೆಯಲ್ಲಿ ನಡೆದ ಮೊದಲ ಆಂಧ್ರ ಮಹಾಸಭೆಯೂ 1937ರಲ್ಲಿ ಬೀದರಿನಲ್ಲಿ ಸೇರಿದ ಹೈದರಾಬಾದ್ ಕರ್ನಾಟಕ ಪರಿಷತ್ತೂ ಈ ಸುತ್ತೋಲೆಯ ನೆರಳಿನಲ್ಲೇ ನಡೆಯಬೇಕಾಯಿತು. ಸ್ವಾಮಿ ರಮಾನಂದ ತೀರ್ಥರೂ ಅವರ ಜೊತೆಗಾರರೂ 1938ರಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿಷೇಧವನ್ನು ಮುರಿದು ಜೈಲಿಗೆ ಹೋದರು. ಇದೆಲ್ಲ ನಮಗೆ ಗೊತ್ತಿರುವುದು ಅವರಿಗೆ ಸಂಘಟನೆ ಇತ್ತು, ಲೇಖನಿ ಇತ್ತು, ಆಮೇಲೆ ಇತಿಹಾಸ ಬರೆಯುವ ಅವಕಾಶವೂ ಇತ್ತು ಎಂಬ ಕಾರಣಕ್ಕೆ. ಮೈಸೂರಿನಲ್ಲಿ 1908ರ ಪತ್ರಿಕಾ ಕಾಯ್ದೆ ಬಂದಾಗ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ಪತ್ರಿಕೆ ನಿಲ್ಲಿಸಿ ಪ್ರತಿಭಟಿಸಿದ್ದು ನೆನಪಿನಲ್ಲಿ ಉಳಿದದ್ದೂ ಹಾಗೆಯೇ. ಗಸ್ತಿ ನಿಶಾನ್ ನಿಜಾಮರ ಆಳ್ವಿಕೆಯೊಂದಿಗೆ ಹೋಯಿತು. ರಿಜಿಸ್ಟರಿನ ಕಾಯ್ದೆ ಹೋಗಲಿಲ್ಲ.

ಅದು ಉಳಿದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಉಳಿಸಬೇಕೆಂದು ಯಾರೂ ಕೂತು ತೀರ್ಮಾನಿಸಿದ ಕುರುಹು ಎಲ್ಲೂ ಇಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದೊಳಗೆ ಸೇರಿತು. 1950ರಲ್ಲಿ ಸಂವಿಧಾನ ಬಂತು. ಅದರ 372ನೆಯ ವಿಧಿ ಹಳೆಯ ಕಾನೂನುಗಳು ಬದಲಾಗುವವರೆಗೆ ಮುಂದುವರಿಯುತ್ತವೆ ಎಂದಿತು. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದವು ಅಷ್ಟರ ಮಟ್ಟಿಗೆ ನಿರರ್ಥಕ ಎಂದು 13ನೆಯ ವಿಧಿ ಹೇಳಿತು. ಆದರೆ ವಿರುದ್ಧವಾಗಿದೆ ಎಂದು ಯಾರಾದರೂ ಕೋರ್ಟಿಗೆ ಹೋಗಿ ತೋರಿಸಬೇಕು. 1951ರಲ್ಲಿ ಭಾರತೀಯ ದಂಡ ಸಂಹಿತೆಯನ್ನು ಹೈದರಾಬಾದಿಗೂ ಅನ್ವಯಿಸಿದಾಗ ನಿಜಾಮರ ದಂಡ ಸಂಹಿತೆ ಬದಿಗೆ ಸರಿಯಿತು. ಕೊಲೆ, ಕಳವು, ಅಪಹರಣದ ದೊಡ್ಡ ಕಾನೂನು ಬದಲಾಯಿತು. ಸೀರೆ ಉಟ್ಟವರ ಮೇಲಿನ ಚಿಕ್ಕ ಕಾನೂನು ಹಾಗೆಯೇ ಕೂತಿತು. 1952ರ ಆಗಸ್ಟ್ 31ರಂದು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ರದ್ದಾಗಿ ಲಕ್ಷಾಂತರ ಜನ ಆ ಹಣೆಪಟ್ಟಿಯಿಂದ ಹೊರಬಂದರು. ಅದಕ್ಕೆ ಮೊದಲು ಅನಂತಶಯನಂ ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ದೇಶ ಸುತ್ತಿ ವರದಿ ಕೊಟ್ಟಿತ್ತು. ತಾಯಿ ಕಾಯ್ದೆ ಸತ್ತರೂ ಅದರಿಂದ ಕವಲೊಡೆದ ಈ ಕಾಯ್ದೆಯ ಕಡೆ ಯಾರ ಕಣ್ಣೂ ಹೋಗಲಿಲ್ಲ. 1956ರಲ್ಲಿ ಕನ್ನಡ ಜಿಲ್ಲೆಗಳು ಮೈಸೂರಿಗೆ, ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ ಹೋದವು. ಕಾಯ್ದೆಯ ಹೆಸರಿಗೆ ಆಂಧ್ರಪ್ರದೇಶ ಎಂಬ ಪದ ಅಂಟಿತು. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ತೆಲಂಗಾಣ ಎಂಬ ಪದ ಅಂಟಿತು. ಹೆಸರು ತಿದ್ದಿದ ಗುಮಾಸ್ತ ಇದ್ದ, ಒಳಗೆ ಓದಿದ ಶಾಸಕ ಇರಲಿಲ್ಲ.

ಪುಸ್ತಕದಲ್ಲಿ ಇದ್ದರೇನು, ಯಾರೂ ಬಳಸದ ಕಾನೂನಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂಬ ಪ್ರಶ್ನೆಯನ್ನೂ ಕೇಳಿದ್ದೇನೆ. ಕೋರ್ಟಿನಲ್ಲಿ ಶಿಕ್ಷೆಯಾದ ಪ್ರಕರಣಗಳನ್ನು ಎಣಿಸಿ ಇಂಥ ಕಾನೂನನ್ನು ಅಳೆಯಲು ಬರುವುದಿಲ್ಲ. ವಾರಂಟ್ ಇಲ್ಲದೆ ಹಿಡಿಯುವ ಅಧಿಕಾರ ತನ್ನ ಕೆಲಸವನ್ನು ಠಾಣೆಯ ಹೊರಗೇ ಮುಗಿಸುತ್ತದೆ. ಸಿಗ್ನಲಿನಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆ ಮನೆಯ ಮುಂದೆ "ನಡಿ ಇಲ್ಲಿಂದ" ಎಂದು ಗದರಲು ಪೊಲೀಸನಿಗೆ ಮೊಕದ್ದಮೆ ಬೇಕಿಲ್ಲ. ಕಾನೂನು ತನ್ನ ಬೆನ್ನಿಗಿದೆ ಎಂಬ ಧೈರ್ಯ ಸಾಕು. ಗದರಿಸಿಕೊಂಡವರಿಗೆ ಅದನ್ನು ಪ್ರಶ್ನಿಸುವ ಧೈರ್ಯ ಇಲ್ಲದಿದ್ದರೆ ಸಾಕು. ಇನ್ನು ಆ ಕಲಮಿನ ಮಾತುಗಳನ್ನು ನಮ್ಮ ಕಣ್ಣೆದುರಿನ ಬದುಕಿನ ಮೇಲೆ ಇಟ್ಟು ನೋಡೋಣ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಎಲ್ಲಮ್ಮನ ಕೊಡ ಹೊತ್ತು, ಸೀರೆಯುಟ್ಟು ಊರೂರು ಕುಣಿದವರು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದರು. ಅದೇ ತಿಂಗಳಲ್ಲೂ ಪುಸ್ತಕದಲ್ಲಿ ಉಳಿದಿದ್ದ ಹೈದರಾಬಾದಿನ ಕಾಯ್ದೆಯ ಮಾತುಗಳ ಪ್ರಕಾರ, ರಿಜಿಸ್ಟರಿನಲ್ಲಿ ಹೆಸರಿದ್ದ ವ್ಯಕ್ತಿ ಅವರ ಹಾಗೆ ಉಟ್ಟು ಅವರ ಹಾಗೆ ಬೀದಿಯಲ್ಲಿ ಕುಣಿದರೆ ಎರಡು ವರ್ಷ ಜೈಲಿಗೆ ಹೋಗಬಹುದಿತ್ತು.

ಕೊನೆಗೆ ಆ ಕಾಯ್ದೆಯನ್ನು ಉರುಳಿಸಿದ್ದು ಯಾವ ಶಾಸನ ಸಭೆಯೂ ಅಲ್ಲ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ತೀರ್ಪಿನಲ್ಲಿ ತೃತೀಯ ಲಿಂಗದ ಗುರುತನ್ನು ಒಪ್ಪಿತು. 2018ರ ಸೆಪ್ಟೆಂಬರಿನಲ್ಲಿ ದಂಡ ಸಂಹಿತೆಯ 377ನೆಯ ಕಲಮಿನ ಮುಳ್ಳು ಕಿತ್ತಿತು. ಅದೇ 2018ರಲ್ಲಿ ಹೈದರಾಬಾದಿನ ಲಿಂಗತ್ವ ಅಲ್ಪಸಂಖ್ಯಾತ ಕಾರ್ಯಕರ್ತರು 1329 ಫಸಲಿಯ ಕಾಯ್ದೆಯನ್ನು ಪ್ರಶ್ನಿಸಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಐದು ವರ್ಷದ ನಂತರ ಮುಖ್ಯ ನ್ಯಾಯಮೂರ್ತಿ ಉಜ್ಜಲ್ ಭುಯಾನ್, ನ್ಯಾಯಮೂರ್ತಿ ಸಿ.ವಿ. ಭಾಸ್ಕರ ರೆಡ್ಡಿ ಅವರ ಪೀಠ ಅದನ್ನು ಸಂವಿಧಾನಬಾಹಿರ ಎಂದು ರದ್ದುಮಾಡಿತು. ಒಂದು ಇಡೀ ಸಮುದಾಯವನ್ನೇ ಅಪರಾಧಿಯೆಂದು ಕಾಣುವ ಈ ಕಾಯ್ದೆ ಸಮಾನತೆಗೂ ಘನತೆಯ ಬದುಕಿಗೂ ವಿರುದ್ಧ ಎಂಬುದು ತೀರ್ಪಿನ ತಿರುಳು. ಕಾಯ್ದೆ ಹುಟ್ಟಿದ ಮೇಲೆ ಅದರ ಏಟು ತಿಂದವರು ತಾವೇ ವಾದಿಗಳಾಗಿ ನಿಂತು ಕಾರಣ ಕೇಳಿದ್ದು, ಸರ್ಕಾರ ಉತ್ತರಿಸಬೇಕಾಗಿ ಬಂದದ್ದು ಈ ಮೊಕದ್ದಮೆಯಲ್ಲಿ. ಕೇಳಿದ ಮೇಲೆ ಕಾಯ್ದೆಗೆ ಐದು ವರ್ಷ ಮಾತ್ರ ಉಳಿಗಾಲ ಸಿಕ್ಕಿತು. ಕೇಳಬಲ್ಲವರಿಗೆ ನ್ಯಾಯ ಎಷ್ಟು ಬೇಗ ಸಿಗುತ್ತದೆ ಎಂಬುದಕ್ಕೆ ಬೆಂಗಳೂರಿನ ನಿದರ್ಶನವೂ ಇದೆ. 2019ರ ಡಿಸೆಂಬರ್ 18ರಂದು ನಗರದಲ್ಲಿ ಹೊರಡಿಸಿದ 144ನೆಯ ಕಲಮಿನ ನಿಷೇಧಾಜ್ಞೆಯನ್ನು ಕರ್ನಾಟಕ ಹೈಕೋರ್ಟು ಎರಡು ತಿಂಗಳೊಳಗೆ ಕಾನೂನುಬಾಹಿರ ಎಂದಿತು. ಕಾರಣ ಬರೆದಿಲ್ಲ ಎಂಬುದೇ ಆ ಆಜ್ಞೆಯ ದೊಡ್ಡ ದೋಷವಾಗಿತ್ತು.

ನನ್ನ ವಾದಕ್ಕೆ ಎದುರಾಗುವ ಅತಿ ಗಟ್ಟಿಯಾದ ಪ್ರಶ್ನೆ ಕರ್ನಾಟಕದಿಂದಲೇ ಬರುತ್ತದೆ. ವಸಾಹತು ಕಾಲದ ಸಭೆಗಳಲ್ಲಿ ಜನರ ಪ್ರತಿನಿಧಿಗಳಿರಲಿಲ್ಲ, ಸರಿ. 2011ರಲ್ಲಿ ವಿಧಾನಸೌಧದಲ್ಲಿ ಇದ್ದವರು ಯಾರು? ಚುನಾಯಿತರಾದ, ವಯಸ್ಕರೆಲ್ಲರ ಮತ ಪಡೆದ ಶಾಸಕರು. ಅವರು 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಕಲಂ ಸೇರಿಸಿದರು. ಹುಡುಗರನ್ನು ಅಪಹರಿಸುವ, ಪುರುಷತ್ವ ಹರಣ ಮಾಡುವ, ಅಸ್ವಾಭಾವಿಕ ಅಪರಾಧ ಮಾಡುವ ಸಂಶಯವಿರುವ ನಪುಂಸಕರ ಹೆಸರು, ವಿಳಾಸಗಳ ರಿಜಿಸ್ಟರು ಇಡಲು, ಅವರು ಏನು ಮಾಡಬಾರದು ಎಂದು ಆಜ್ಞೆ ಹೊರಡಿಸಲು ಅದು ಪೊಲೀಸ್ ಕಮಿಷನರಿಗೆ ಅಧಿಕಾರ ಕೊಟ್ಟಿತು. 1871ರ ಕಲ್ಕತ್ತೆ, 1919ರ ಹೈದರಾಬಾದ್, 2011ರ ಬೆಂಗಳೂರು: ಮೂರು ಪಠ್ಯಗಳನ್ನು ಪಕ್ಕಪಕ್ಕ ಇಟ್ಟರೆ ಸಂಶಯದ ಪಟ್ಟಿ ಹೆಚ್ಚುಕಡಿಮೆ ಪದಕ್ಕೆ ಪದ ಒಂದೇ. ನೂರ ನಲವತ್ತು ವರ್ಷದ ಹಿಂದಿನ ಅಧಿಕಾರಿಗಳ ಭಯ ನಮ್ಮ ಕಾಲದ ಕನ್ನಡ ಶಾಸಕರ ಕೈಯಿಂದ ಮತ್ತೆ ಕಾನೂನಾಯಿತು. ಹಾಗಾದರೆ ಸಭೆ ಚುನಾಯಿತವಾಗಿದ್ದು ಏನು ಪ್ರಯೋಜನ?

ಈ ಪ್ರಶ್ನೆಗೆ ನಾನು ತಲೆಬಾಗಲೇಬೇಕು. ಮತಪೆಟ್ಟಿಗೆಯಿಂದ ಬಂದ ಸಭೆ ತಾನಾಗಿ ಎಲ್ಲರ ಸಭೆಯಾಗುವುದಿಲ್ಲ. ಎಣಿಕೆಗೆ ಸಿಗದಷ್ಟು ಚಿಕ್ಕದಾದ, ಕ್ಷೇತ್ರಗಳಲ್ಲಿ ಚದುರಿಹೋದ, ರೇಷನ್ ಕಾರ್ಡಿಗೂ ಒದ್ದಾಡುವ ಸಮುದಾಯದ ಮಟ್ಟಿಗೆ 2011ರ ಸಭೆ 1871ರ ಸಭೆಗಿಂತ ಬಹಳ ದೂರವಿರಲಿಲ್ಲ. ಆದರೆ ಇದರಿಂದ ನನ್ನ ಮಾತು ಬೀಳುವುದಿಲ್ಲ, ಇನ್ನಷ್ಟು ಕಟ್ಟುನಿಟ್ಟಾಗುತ್ತದೆ. ರೌಲಟ್ ಚರ್ಚೆ ಬೆಲೆಯುಳ್ಳದ್ದಾದದ್ದು ಚುನಾವಣೆಯಿಂದಲ್ಲ. ಆ ಸದಸ್ಯರಲ್ಲಿ ಹೆಚ್ಚಿನವರನ್ನು ಬೆರಳೆಣಿಕೆಯ ಮತದಾರರು ಆರಿಸಿದ್ದರು. ಬೆಲೆ ಬಂದದ್ದು ಆ ಕಾನೂನಿನ ಏಟು ತಮ್ಮ ಮೇಲೂ ಬೀಳುತ್ತದೆ ಎಂದು ಬಲ್ಲವರು ಅಲ್ಲಿ ಕೂತಿದ್ದರು, ಒಂದೊಂದು ಕಲಮಿಗೂ ಸರ್ಕಾರದ ಬಾಯಿಂದ ಕಾರಣ ಹೊರಡಿಸಿದರು ಎಂಬುದರಿಂದ. ಅಪರಾಧದ ಕಾನೂನು ಮಾಡುವಾಗ ಸಭೆ ಅದನ್ನು ಯಾರ ಮೇಲೆ ಹೇರುತ್ತಿದೆಯೋ ಅವರನ್ನು ಕರೆಸಿ ಕೇಳುವುದು ಸೌಜನ್ಯದ ಮಾತಲ್ಲ. ಹಾಗೆ ಕೇಳದೆ ಮಾಡಿದ ಕಾನೂನು ಯಾವ ಅಪರಾಧವನ್ನು ತಡೆಯುತ್ತದೆ ಎಂಬುದನ್ನೇ ಸಭೆ ತಿಳಿದುಕೊಂಡಿರುವುದಿಲ್ಲ. 36ಎ ಬರುವಾಗ ಯಾರಾದರೂ ಎದ್ದು, ಅಪಹರಣಕ್ಕೆ ದಂಡ ಸಂಹಿತೆ ಇದೆಯಲ್ಲ, ರಿಜಿಸ್ಟರು ಏಕೆ ಎಂದು ಹಟ ಹಿಡಿದಿದ್ದರೆ ಉತ್ತರ ಸಿಗುತ್ತಿರಲಿಲ್ಲ, ಏಕೆಂದರೆ ಅದಕ್ಕೆ ಉತ್ತರ ಇಲ್ಲ. ಮೂರು ವರ್ಷದ ಗಡುವು ಕೇಳಿದ್ದರೂ ಸಾಕಿತ್ತು.

ಆ ಕಲಮನ್ನು ಕರ್ನಾಟಕದ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಮೊಕದ್ದಮೆ ನಡೆಯುತ್ತಿದ್ದಾಗ ಸರ್ಕಾರ 36ಎ ಕಲಮನ್ನು ತೆಗೆದುಹಾಕಬಹುದಿತ್ತು, ತೆಗೆಯಲಿಲ್ಲ. 2016ರ ತಿದ್ದುಪಡಿಯಲ್ಲಿ ಸಮುದಾಯದ ಹೆಸರಿದ್ದ ಕಡೆಯೆಲ್ಲ 'ವ್ಯಕ್ತಿಗಳು' ಎಂದು ಹಾಕಿತು. ಸಮುದಾಯದ ತಲೆಯ ಮೇಲಿನ ಹಣೆಪಟ್ಟಿ ಹೋದದ್ದು ಸಣ್ಣ ಗೆಲುವಲ್ಲ. ಆದರೆ ಸಂಶಯದ ಪಟ್ಟಿಯೂ ರಿಜಿಸ್ಟರೂ ನಿರ್ಬಂಧದ ಅಧಿಕಾರವೂ ಕಲಮಿನೊಳಗೆ ಹಾಗೆಯೇ ಉಳಿದವು. ಒಂದು ಸಮುದಾಯದ ಮೇಲೆ ಬೀಸಿದ ಬಲೆ ಈಗ ಕಮಿಷನರ ವ್ಯಾಪ್ತಿಯ ಯಾವ ವ್ಯಕ್ತಿಯ ಮೇಲೂ ಬೀಳಬಹುದು. ಆ ರಿಜಿಸ್ಟರಿನಿಂದ ಯಾವ ಮಗುವಿಗೆ ಯಾವ ರಕ್ಷಣೆ ಸಿಗುತ್ತದೆ ಎಂಬ ಪ್ರಶ್ನೆಯನ್ನು ವಿಧಾನಸಭೆಯ ಮುಂದಿನ ಅಧಿವೇಶನದಲ್ಲಿ ಕೇಳಲು ಒಬ್ಬ ಶಾಸಕ ಎದ್ದುನಿಂತರೆ ಸಾಕು.